ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಕಜ್ಜಿ ಮನೆ ಸೇರಿದರೆ

ರಾತ್ರಿ ಕಂಬಳಿ ಹೊದ್ದು ಮೈ ಬೆಚ್ಚಗಾದೊಡನೆ ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ತೊಡೆ ಸಂದಿಯಲ್ಲಿ ತುರಿಕೆ ಏರುತ್ತದೆಯೇ? ಜೊತೆಗೆ ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿದ್ದರೆ ಅದನ್ನು ಥಂಡಿಯ ತುರಿಕೆ ಎಂದು ತಳ್ಳಿಹಾಕಬೇಡಿ. ಕಜ್ಜಿ ಹುಳ ಕಣ್ಣಿಗೆ ಕಾಣುವುದಿಲ್ಲ, ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಎಷ್ಟೇ ಸ್ವಚ್ಛವಾಗಿರುವ ಮನೆಗೂ ಇದು ಬರುತ್ತದೆ, ಹಾಗಾಗಿ ನಾಚಿಕೊಂಡು ಮುಚ್ಚಿಡಬೇಡಿ. ಮುಚ್ಚಿಟ್ಟಷ್ಟೂ ಹರಡುತ್ತದೆ.

ಮೊದಲ ಸಲ ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು, ಆದರೆ ಅಷ್ಟರೊಳಗೇ ಅವರಿಂದ ಇತರರಿಗೆ ದಾಟಿರಬಹುದು. ಆದ್ದರಿಂದ ತುರಿಕೆ ಇರಲಿ ಬಿಡಲಿ, ಒಂದೇ ಸೂರಿನಡಿ ಮಲಗುವ ಎಲ್ಲರೂ ಒಂದೇ ರಾತ್ರಿ ಮುಲಾಮು ಹಚ್ಚಬೇಕು. ಒಬ್ಬರು ಇವತ್ತು, ಇನ್ನೊಬ್ಬರು ಬರುವ ವಾರ ಎಂದರೆ ಹುಳ ಮನೆಯೊಳಗೇ ಸುತ್ತು ಹೊಡೆಯುತ್ತದೆ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಇಡೀ ಸಾಲೇ ಸೇರಿ ಮಾಡಿದರೆ ಒಳ್ಳೆಯದು.

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕೊಡುವುದು ಶೇಕಡಾ 5ರ ಪರ್ಮೆಥ್ರಿನ್ ಮುಲಾಮು. ದೊಡ್ಡವರೊಬ್ಬರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕಾಗುತ್ತದೆ. ತುರಿಸುವ ಕಡೆ ಮಾತ್ರ ಬಳಿದರೆ ಪ್ರಯೋಜನವಿಲ್ಲ. ಕುತ್ತಿಗೆಯಿಂದ ಅಂಗಾಲಿನವರೆಗೆ, ಕತ್ತರಿಸಿದ ಉಗುರಿನ ಅಡಿಗೂ ಹಚ್ಚಿ. ಬಿಸಿನೀರು ಸ್ನಾನ ಮಾಡಿ ತಕ್ಷಣ ಬೇಡ, ಮೈ ಒಣಗಿ ತಣ್ಣಗಾಗಲಿ. 8ರಿಂದ 14 ಗಂಟೆ ಬಿಟ್ಟು ತೊಳೆಯಿರಿ. ನಡುವೆ ಪಾತ್ರೆ ತೊಳೆದ ಕೈಗೆ ಮತ್ತೆ ಹಚ್ಚಬೇಕು, ಇದನ್ನು ಮರೆತರೆ ಕೈಯಲ್ಲಿ ಕಜ್ಜಿ ಉಳಿದುಬಿಡಬಹುದು. ಒಂದು ವಾರದ ನಂತರ ಇನ್ನೊಮ್ಮೆ. ಕೂಸುಗಳಿಗೆ, ಗರ್ಭಿಣಿಯರಿಗೆ ವೈದ್ಯರನ್ನು ಕೇಳದೆ ಏನೂ ಹಚ್ಚಬೇಡಿ. ಬೇವು, ಅರಿಸಿನ ಉರಿ ತಣಿಸಬಹುದು, ಅದನ್ನೇ ನೆಚ್ಚಿ ವಾರ ಕಳೆಯಬೇಡಿ. ಅಂಗಡಿಯಲ್ಲಿ ಸುಮ್ಮನೆ ಕೇಳಿ ತಂದ ಸ್ಟೀರಾಯ್ಡ್ ಮುಲಾಮಂತೂ ತುರಿಕೆ ಅಡಗಿಸಿ ಹುಳವನ್ನು ಬೆಳೆಯಬಿಡುತ್ತದೆ.

ಇನ್ನು ಬಟ್ಟೆಯ ಮಾತು, ಕೊಡಗಿನಲ್ಲಿ ತೊಡಕಿರುವುದು ಇಲ್ಲೇ. ಮೈಬಿಟ್ಟ ಹುಳ ಎರಡು ಮೂರು ದಿನದಲ್ಲಿ ಸಾಯುತ್ತದೆ, ಆದರೆ ಥಂಡಿ, ತೇವ ಇದ್ದಲ್ಲಿ ಇನ್ನೂ ಕೆಲವು ದಿನ ಬದುಕಬಹುದು. ಕಕ್ಕಡದಲ್ಲಿ ಬಿಸಿಲನ್ನು ಕಾದು ಕೂರಲಾಗದು. ಮುಲಾಮು ಹಚ್ಚಿದ ಬೆಳಿಗ್ಗೆಯೇ, ಹಿಂದಿನ ಮೂರು ದಿನ ಉಟ್ಟ ಬಟ್ಟೆ, ಟವೆಲ್, ಹಾಸಿಗೆ ಬಟ್ಟೆ, ದಿಂಬಿನ ಚೀಲವನ್ನು ಬಕೆಟ್ಟಿಗೆ ಹಾಕಿ. ಹಂಡೆಯಲ್ಲಿ ಕುದಿ ಬಂದ ನೀರು ಮುಳುಗುವಷ್ಟು ಸುರಿದು, ಹತ್ತು ನಿಮಿಷ ಮುಚ್ಚಿಟ್ಟು ಒಗೆಯಿರಿ. ಕಂಬಳಿ, ಸ್ವೆಟರ್, ರಜಾಯಿ ಕುದಿನೀರಿಗೆ ಹಾಳಾಗುತ್ತವೆ. ಅವನ್ನು ಒಣಗಿರುವಾಗಲೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಾಳಿಯಾಡದಂತೆ ಬಿಗಿದು ಒಂದು ವಾರ ಮೂಲೆಗಿಡಿ. ಒದ್ದೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಮನೆಗೆಲ್ಲ ಕೀಟನಾಶಕ ಸಿಂಪಡಿಸುವುದು ಬೇಡವೇ ಬೇಡ, ಕಾಫಿ ತೋಟದ ಔಷಧಿಯನ್ನಂತೂ ಮೈಗೆ ಮುಟ್ಟಿಸಬಾರದು.

ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರುತ್ತದೆ. ಹೆದರಿ ದಿನಾ ಮುಲಾಮು ಬಳಿಯಬೇಡಿ, ಚರ್ಮ ಉರಿಯುತ್ತದೆ. ಕೀವು ತುಂಬಿದರೆ, ಜ್ವರ ಬಂದರೆ ಆಸ್ಪತ್ರೆಗೆ ಹೋಗಿ. ಹೊಸ ಗುಳ್ಳೆ ಏಳುತ್ತಲೇ ಇದ್ದರೆ ಯಾರು ತಪ್ಪಿಹೋದರೆಂದು ನೋಡಿ. ಹಾಸ್ಟೆಲ್ಲಿನಿಂದ ರಜೆಗೆ ಬಂದು ಹೋದ ಮಗುವಿರಬಹುದು, ಹೊರಕೋಣೆಯಲ್ಲಿ ಮಲಗುವ ಅಜ್ಜಯ್ಯನಿರಬಹುದು.