ಅರ್ಜಿದಾರ ತೀರಿಕೊಂಡರೂ ಅರ್ಜಿ ಉಳಿಸಿಕೊಳ್ಳಿ

ಅಮೆರಿಕದ ಮಾಜಿ ಸೈನಿಕರೊಬ್ಬರು ಅಂಗವೈಕಲ್ಯ ಪರಿಹಾರ ಕೇಳಿ, ಅದು ತಿರಸ್ಕೃತವಾಗಿ, ಮೇಲ್ಮನವಿ ಹಾಕಿ ಕಾಯುತ್ತಿರುವಾಗಲೇ ತೀರಿಕೊಂಡರು ಎಂದುಕೊಳ್ಳಿ. ಆಮೇಲೆ ಮನೆಗೆ ಬರುವ ಪತ್ರದಲ್ಲಿ ‘ಮೇಲ್ಮನವಿ ವಜಾ’ ಎಂದಿರುತ್ತದೆ. ಅದನ್ನು ಓದಿ ಎಲ್ಲ ಮುಗಿಯಿತೆಂದು ಕಡತ ಕಟ್ಟಿಡಬೇಡಿ. ಅರ್ಜಿದಾರರು ಸತ್ತರೆ ವಜಾ ಮಾಡುವುದು ಮೇಲ್ಮನವಿ ಮಂಡಳಿಯ ನಿಯಮ. ಕೇಳಿದ್ದು ತಪ್ಪು ಎಂಬ ತೀರ್ಪು ಅಲ್ಲಿಲ್ಲ. ಹಿಂದೆಲ್ಲ ಸೈನಿಕನ ಜೊತೆಗೇ ಮೇಲ್ಮನವಿಯೂ ಮಣ್ಣಾಗುತ್ತಿತ್ತು. 2008ರ ಅಕ್ಟೋಬರ್ 10ರಂದು ಅಥವಾ ನಂತರ ತೀರಿಕೊಂಡವರ ಜಾಗದಲ್ಲಿ ಮನೆಯವರು ನಿಂತು ಅದನ್ನು ಮುಂದುವರಿಸಬಹುದು.

ಮೊದಲು ಸಾವಿನ ಸುದ್ದಿಯನ್ನು ಮಾಜಿ ಸೈನಿಕರ ಇಲಾಖೆಗೆ, ಅಂದರೆ ವಿಎಗೆ, ತಿಳಿಸಿ. ಆ ಬಳಿಕ ಖಾತೆಗೆ ಬಿದ್ದ ಹಣವನ್ನು ವಿಚಾರಿಸದೆ ಮುಟ್ಟಬೇಡಿ.

ಅನಂತರ ಯಾರು ನಿಲ್ಲಬೇಕೆಂದು ನೋಡಿ. ಮೊದಲ ಹಕ್ಕು ಪತಿ ಅಥವಾ ಪತ್ನಿಯದು, ಆಮೇಲೆ ಮಕ್ಕಳದು, ಕೊನೆಗೆ ಮೃತರನ್ನೇ ನಂಬಿಕೊಂಡಿದ್ದ ತಂದೆತಾಯಿಯದು. ಮಕ್ಕಳೆಂದರೆ 18 ತುಂಬದವರು, ಓದುತ್ತಿದ್ದರೆ 23ರವರೆಗಿನವರು, ಇಲ್ಲವೇ ಎಳವೆಯಿಂದಲೇ ಸ್ವಂತ ದುಡಿಮೆ ಸಾಧ್ಯವಿಲ್ಲದವರು. ವರ್ಷಗಟ್ಟಲೆ ಅಪ್ಪನ ಸೇವೆ ಮಾಡಿದ ನಲವತ್ತರ ಮಗಳಿಗೆ ಬಾಕಿ ಹಣ, ಅಂದರೆ ಮೃತರಿಗೆ ಸಲ್ಲಬೇಕಿದ್ದು ಕೊಡದೆ ಉಳಿದ ಪರಿಹಾರ, ಸಿಗುವುದಿಲ್ಲ. ಕೊನೆಯ ಕಾಯಿಲೆಗೆ, ಅಂತ್ಯಸಂಸ್ಕಾರಕ್ಕೆ ಕೈಯಿಂದ ಹಾಕಿದ ದುಡ್ಡಷ್ಟೇ ವಾಪಸ್. ನನಗಂತೂ ಇದು ಒರಟು ಲೆಕ್ಕ ಅನಿಸುತ್ತದೆ. ಆಸ್ಪತ್ರೆಯ, ಅಂತ್ಯಸಂಸ್ಕಾರದ ರಸೀದಿಗಳನ್ನಾದರೂ ಜೋಪಾನ ಮಾಡಿ.

ಈಗ ಮುಖ್ಯ ಕೆಲಸ. ಸಾವಿನ ದಿನದಿಂದ ಒಂದು ವರ್ಷದೊಳಗೆ ‘21ಪಿ-0847’ ನಮೂನೆ ತುಂಬಿ, ಮೃತರ ಬದಲಿಗೆ ನನ್ನನ್ನು ಸೇರಿಸಿಕೊಳ್ಳಿ ಎಂದು ವಿಎಗೆ ಕೇಳಬೇಕು. ಬರೀ ಬಾಕಿ ಹಣ ಕೇಳಿದರೆ ಸಾಲದೇ ಎಂದರೆ, ವ್ಯತ್ಯಾಸ ಸಾಕ್ಷ್ಯದಲ್ಲಿದೆ. ಬಾಕಿ ಹಣದ ಅರ್ಜಿಯನ್ನು ಸಾವಿನ ದಿನ ಕಡತದಲ್ಲಿದ್ದ ಕಾಗದಗಳ ಮೇಲಷ್ಟೇ ತೀರ್ಮಾನಿಸುತ್ತಾರೆ. ಬದಲಿಯಾಗಿ ಸೇರಿದವರು ಹೊಸ ಸಾಕ್ಷ್ಯ ಕೊಡಬಹುದು. ವಿಯೆಟ್ನಾಂ ಯುದ್ಧದಿಂದ ಬಂದವರ ಕಾಯಿಲೆಗೆ ಸೇವೆಯೇ ಕಾರಣವೆಂದು ವೈದ್ಯರು ಬರೆದ ಪತ್ರ ಅವರು ತೀರಿಕೊಂಡ ಮೇಲೆ ಕೈಸೇರಿದರೆ, ಈ ದಾರಿಯಲ್ಲಿ ಮಾತ್ರ ಅದಕ್ಕೆ ಬೆಲೆ.

ಆದರೆ ಮೃತರಿಗೆ ಇದ್ದಷ್ಟೇ ಅವಕಾಶ ನಿಮಗೂ. ಮಂಡಳಿಯಲ್ಲಿ ಅವರು ‘ನೇರ ಪರಿಶೀಲನೆ’ಯ ಸಾಲು ಆರಿಸಿಕೊಂಡಿದ್ದರೆ ಅಲ್ಲಿ ಹೊಸ ಕಾಗದ ಸ್ವೀಕರಿಸುವುದಿಲ್ಲ. ಹಾಗಾಗಿ ಯಾವ ಸಾಲೆಂದು ಮೊದಲೇ ಕೇಳಿಕೊಳ್ಳಿ. ಅವರು ಎತ್ತದ ಹೊಸ ಬೇಡಿಕೆಯನ್ನೂ ಸೇರಿಸುವಂತಿಲ್ಲ. ಒಳ್ಳೆಯ ಸಂಗತಿಯೆಂದರೆ, ಒಪ್ಪಿಗೆ ಸಿಕ್ಕರೆ ಮಂಡಳಿಯ ಸರದಿಯಲ್ಲಿ ಅವರಿದ್ದ ಜಾಗವೇ ನಿಮಗೂ ಸಿಗುತ್ತದೆ.

ಅವರ ವಕೀಲರೋ ಪ್ರತಿನಿಧಿಯೋ ತಾನಾಗಿಯೇ ನಿಮ್ಮ ಪ್ರತಿನಿಧಿಯಾಗುವುದಿಲ್ಲ. ಹೊಸ ಅಧಿಕಾರಪತ್ರಕ್ಕೆ ನೀವೇ ಸಹಿ ಹಾಕಬೇಕು.

ಸೇವೆಯಿಂದ ಬಂದ ಕಾಯಿಲೆಯೇ ಸಾವಿಗೆ ಕಾರಣವಾಗಿದ್ದರೆ, ಪತಿ ಅಥವಾ ಪತ್ನಿಗೆ, ಮಕ್ಕಳಿಗೆ ತಿಂಗಳ ಪರಿಹಾರ ಬೇರೆಯೇ ಇದೆ. ಅದಕ್ಕೆ ‘21ಪಿ-534ಇಜಡ್’ ನಮೂನೆ. ಅದನ್ನೂ ಅದೇ ಒಂದು ವರ್ಷದೊಳಗೆ ಹಾಕಿದರೆ ಸಾವಿನ ತಿಂಗಳ ಮೊದಲ ದಿನದಿಂದಲೇ ಲೆಕ್ಕ ಹಿಡಿಯುತ್ತಾರೆ.