ಛತ್ರದ ಬೀದಿಯಲ್ಲಿ ಹುಲ್ಲು ಉಳಿಸಿಕೊಂಡದ್ದು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಟಾರು ಮುಗಿದ ಮೇಲೂ ಕಾಂಪೌಂಡಿನವರೆಗೆ ಒಂದಷ್ಟು ಅಡಿ ಮಣ್ಣು ಉಳಿದಿರುತ್ತದೆ. ನಮ್ಮ ಬೀದಿಯಲ್ಲೂ ಉಂಟು. ಸಾಲು ಹೊಂಗೆ ಮರ, ಕೆಳಗೆ ಹುಲ್ಲು. ತುದಿಯಲ್ಲಿ ಕಲ್ಯಾಣ ಮಂಟಪ ಬಂದ ಮೇಲೆ ಹುಲ್ಲು ಹೋಗಿ ಬರೀ ಚಕ್ರದ ಗುರುತು ಉಳಿಯಿತು. ಮುಹೂರ್ತದ ದಿನ ಬೆಳಗಾಗುವುದರೊಳಗೆ ಕಾರುಗಳು ಎರಡು ಚಕ್ರ ಟಾರಿನ ಮೇಲೆ, ಎರಡು ಚಕ್ರ ಮರದ ಬುಡದಲ್ಲಿ ಇಟ್ಟುಕೊಂಡು ಸಾಲುಗಟ್ಟುತ್ತಿದ್ದವು. ದಸರಾ ಬಂದರೆ ಹೊರಗಿನ ಗಾಡಿಗಳು ಬೇರೆ. ಈಗ ಅಲ್ಲಿ ಮತ್ತೆ ಹುಲ್ಲಿದೆ. ಪಕ್ಕದ ಬೀದಿಯವರು ಹೇಗೆ ಮಾಡಿದಿರಿ ಎಂದು ಕೇಳುತ್ತಲೇ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಹುಲ್ಲಿಗೋಸ್ಕರ ಇಷ್ಟೆಲ್ಲ ಯಾಕೆ ಎಂದವರಿಗೆ ನಾನು ಒಂದು ಉದ್ದನೆಯ ಸ್ಕ್ರೂಡ್ರೈವರ್ ಕೈಗೆ ಕೊಡುತ್ತಿದ್ದೆ. ಕಾಂಪೌಂಡಿನ ಒಳಗೆ, ಚಕ್ರ ಹತ್ತದ ಜಾಗದಲ್ಲಿ ಒತ್ತಿದರೆ ಹಿಡಿಯವರೆಗೂ ಸಲೀಸಾಗಿ ಇಳಿಯುತ್ತದೆ. ಕಾರು ನಿಂತ ಜಾಗದಲ್ಲಿ ಒಂದು ಬೆರಳಿನಷ್ಟು ಇಳಿದು ಠಕ್ಕೆಂದು ನಿಂತುಬಿಡುತ್ತದೆ. ಅಲ್ಲಿ ಒಂದು ಚೆಂಬು ನೀರು ಹೊಯ್ದರೆ ಕಾಫಿ ಕುಡಿದು ಬರುವಷ್ಟು ಹೊತ್ತಾದರೂ ಕೆಂಪಗೆ ನಿಂತೇ ಇರುತ್ತದೆ. ಮಣ್ಣಿನೊಳಗೆ ಗಾಳಿ, ನೀರು ಓಡಾಡುವ ಸಣ್ಣ ಸಂದುಗಳೆಲ್ಲ ಮುಚ್ಚಿಹೋಗಿರುತ್ತವೆ. ಮರ ಆಹಾರ ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ ಇರುವುದರಿಂದ, ಹುಲ್ಲು ಹೋದದ್ದು ಬರೀ ಮುನ್ಸೂಚನೆ, ಮುಂದಿನ ಸರದಿ ಹೊಂಗೆಯದು. ಒದ್ದೆ ಮಣ್ಣಿನ ಮೇಲೆ ಭಾರ ಬಿದ್ದಾಗಲೇ ಹಾನಿ ಹೆಚ್ಚು. ನಮ್ಮಲ್ಲಿ ಮೇ ತಿಂಗಳ ಗುಡುಗು ಮಳೆಯೂ ಮದುವೆ ಸೀಸನ್ನೂ ಒಟ್ಟಿಗೇ ಬರುತ್ತವೆ, ಏನು ಮಾಡೋಣ.

ಬೋರ್ಡು ಹಾಕುವ ಪ್ರಯೋಗ ನಮ್ಮ ಬೀದಿಯಲ್ಲಿ ಮೊದಲೇ ಆಗಿತ್ತು. 'ದಯವಿಟ್ಟು ಇಲ್ಲಿ ವಾಹನ ನಿಲ್ಲಿಸಬೇಡಿ' ಎಂಬ ತಗಡಿಗೆ ಒರಗಿಕೊಂಡೇ ಕಾರು ನಿಲ್ಲುತ್ತಿತ್ತು. ಒಬ್ಬರು ಒಡೆದ ಹೂಕುಂಡ ಇಟ್ಟರು, ಇನ್ನೊಬ್ಬರು ಜಾಲಿಮುಳ್ಳು ಹಾಕಿದರು. ಮುಳ್ಳು ಮಾತ್ರ ಯಾರೂ ಹಾಕಬೇಡಿ, ಪಂಕ್ಚರ್ ಆಗುವುದು ಪೇಪರ್ ಹಾಕುವ ಹುಡುಗನ ಸೈಕಲ್ಲು. ಫುಟ್‌ಪಾತಿನ ಮೇಲೆ ಗಾಡಿ ನಿಲ್ಲಿಸಬಾರದು ಎಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿದೆ. ಆದರೆ ಕಲ್ಲು ಹಾಸದ ಈ ಮಣ್ಣಿನ ಪಟ್ಟಿಯನ್ನು ನೋಡಿದವರಿಗೆ ಫುಟ್‌ಪಾತ್ ಎಂದು ಅನ್ನಿಸುವುದೇ ಇಲ್ಲ. ಬೋಳಾದ ಜಾಗ ಕಂಡರೆ ಡ್ರೈವರಿಗೆ ಅದು ಪಾರ್ಕಿಂಗೇ. ಹಾಗಾಗಿ ಚಕ್ರ ಹತ್ತದ ಹಾಗೆ ಅಂಚಿಗೆ ಕಲ್ಲು ನಿಲ್ಲಿಸಿ ತಡೆಯುವುದೊಂದೇ ದಾರಿ ಎಂದು ನಾನು ನಿರ್ಧರಿಸಿದೆ.

ಆ ಜಾಗ ನಗರಪಾಲಿಕೆಯದು, ನಮ್ಮದಲ್ಲ. ಬೀದಿಯವರೆಲ್ಲ ಸಹಿ ಹಾಕಿದ ಅರ್ಜಿಯನ್ನು, ಕೈಬರಹದ ನಕ್ಷೆ ಸಮೇತ, ವಲಯ ಕಚೇರಿಗೆ ಕೊಟ್ಟು ಒಪ್ಪಿಗೆ ಪಡೆದ ಮೇಲೆಯೇ ಗುದ್ದಲಿ ಹಿಡಿದದ್ದು. ನೀರಿನ ಪೈಪು, ಕರೆಂಟಿನ ಕೇಬಲ್ಲು ಎಲ್ಲಿ ಹೋಗಿದೆ ಎಂದು ವಾಟರ್‌ಮ್ಯಾನ್ ಮತ್ತು ಲೈನ್‌ಮ್ಯಾನ್ ಇಬ್ಬರನ್ನೂ ಕರೆಸಿ ಸುಣ್ಣದಲ್ಲಿ ಗೆರೆ ಎಳೆಸಿಕೊಂಡೆವು.

ಕಲ್ಲಿನ ವಿಷಯಕ್ಕೆ ಬರುತ್ತೇನೆ, ನಿಜವಾದ ಕೆಲಸ ಇರುವುದು ಇಲ್ಲೇ. ಆರು ಇಂಚಿನ ಕರ್ಬ್ ಕಲ್ಲು ಸಾಲದು. ಸಣ್ಣ ಕಾರಿನವರು ಹಿಂಜರಿಯಬಹುದು, ಎತ್ತರದ ಎಸ್‌ಯುವಿಗಳು ಹತ್ತಿ ಕೂರುತ್ತವೆ. ಹೊಲದ ಬೇಲಿಗೆ ನಿಲ್ಲಿಸುವ ಕಲ್ಲುಕಂಬಗಳ ಮುರಿದ ತುಂಡುಗಳು ಕಲ್ಲಿನ ಮಂಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಎರಡೂವರೆ ಅಡಿಯ ತುಂಡು ಆರಿಸಿಕೊಂಡು ಒಂದಡಿ ನೆಲದೊಳಗೆ, ಒಂದೂವರೆ ಅಡಿ ಮೇಲೆ ಬಿಟ್ಟೆವು. ಅದಕ್ಕಿಂತ ಗಿಡ್ಡವಾದರೆ ಡ್ರೈವರ್ ಸೀಟಿನಿಂದ ಕಾಣುವುದಿಲ್ಲ, ಬಂಪರ್ ಒಡೆದುಕೊಂಡು ಜಗಳಕ್ಕೆ ಬರುತ್ತಾರೆ. ಎರಡು ಕಲ್ಲುಗಳ ನಡುವೆ ನಾಲ್ಕಡಿ ಜಾಗ. ಈ ಅಳತೆ ಸುಮ್ಮನೆ ಹುಟ್ಟಿದ್ದಲ್ಲ. ನಾಲ್ಕಡಿ ಎಂದರೆ ಸುಮಾರು 122 ಸೆಂಟಿಮೀಟರ್. ಆಟೋದ ಅಗಲ ಹತ್ತಿರ ಹತ್ತಿರ 130, ಹಳೆಯ ಓಮ್ನಿ ವ್ಯಾನಿನದು 141. ಎರಡೂ ನುಗ್ಗಲಾರವು. ಗಾಲಿಕುರ್ಚಿ, ಮಗುವಿನ ಗಾಡಿ ಆರಾಮಾಗಿ ದಾಟುತ್ತವೆ. ಟಾರಿನ ಅಂಚಿನಿಂದ ಒಂದಡಿಗೂ ಹೆಚ್ಚು ಹಿಂದಕ್ಕೆ ನಿಲ್ಲಿಸಿದೆವು, ರಾತ್ರಿ ಬರುವ ಬೈಕಿನವರ ಕಾಲಿಗೆ ತಗುಲಬಾರದು. ಅದಕ್ಕೇ ತಲೆಗೆ ಸುಣ್ಣ, ಕೆಳಗೆ ಹೊಳೆಯುವ ರೇಡಿಯಂ ಪಟ್ಟಿ.

ಗುಂಡಿಗೆ ಕಾಂಕ್ರೀಟ್ ಹಾಕಲು ಮೇಸ್ತ್ರಿ ಹಟ ಹಿಡಿದ. ಬೇರಿನ ಪಕ್ಕ ಸಿಮೆಂಟು ಬೇಡವೆಂದು ಜಲ್ಲಿ, ಮಣ್ಣು ಪದರ ಪದರವಾಗಿ ಹಾಕಿ ಹಾರೆಯ ಹಿಂಬದಿಯಲ್ಲಿ ಗುದ್ದಿಸಿದೆ. ದಪ್ಪ ಬೇರು ಸಿಕ್ಕಲ್ಲಿ ಬೇರು ಕಡಿಯದೆ ಕಲ್ಲನ್ನೇ ಅರ್ಧ ಅಡಿ ಸರಿಸಿದೆವು. ಸಾಲು ಸ್ವಲ್ಪ ಸೊಟ್ಟ. ಇರಲಿ.

ಹುಲ್ಲು ನೆಡುವುದಕ್ಕೆ ಆಷಾಢದಂಥ ತಿಂಗಳಿಲ್ಲ. ಮದುವೆ ಇಲ್ಲ, ಜಡಿಮಳೆ ಇದೆ. ಮಣ್ಣನ್ನು ಅಗೆದು ತಿರುವಿಹಾಕಿದರೆ ಬೇರು ಹರಿಯುತ್ತದೆ. ಅದರ ಬದಲು ಅಲ್ಲಲ್ಲಿ ಹಾರೆಯಿಂದ ತೂತು ಹೊಡೆದು ಕೊಟ್ಟಿಗೆ ಗೊಬ್ಬರ, ಮರಳು ತುಂಬಿದೆವು. ಬಿಸಿಲು ಬೀಳುವ ಕಡೆ ಗರಿಕೆ, ನೆರಳಿರುವ ಕಡೆ ಅಗಲ ಎಲೆಯ ಬಫೆಲೋ ಹುಲ್ಲು. ಕಲ್ಲುಗಳ ನಡುವೆ ಸ್ಪೈಡರ್ ಲಿಲಿ ಗೆಡ್ಡೆ: ಬೀದಿ ಹಸುಗಳು ಅದಕ್ಕೆ ಬಾಯಿ ಹಾಕುವುದಿಲ್ಲ, ಮೊಣಕಾಲೆತ್ತರ ಬೆಳೆದು ಅದೇ ಬೇಲಿಯ ಹಾಗೆ ಕಾಣುತ್ತದೆ. ನರ್ಸರಿಯವರು ನೆಲಕ್ಕೆ ಹಬ್ಬುವ ಹಳದಿ ಹೂವಿನ ವೆಡೇಲಿಯಾ ಕೊಡುತ್ತೇವೆ ಎಂದರು, ಬೇಡವೆಂದೆ. ಅದು ಹಬ್ಬಿದರೆ ಗರಿಕೆಗೆ ಜಾಗವೇ ಇರುವುದಿಲ್ಲ. ಗಣೇಶನ ಹಬ್ಬದ ಬೆಳಗ್ಗೆ ಈಗ ನಾಲ್ಕು ಬೀದಿಯವರು ಗರಿಕೆ ಕೀಳಲು ನಮ್ಮಲ್ಲಿಗೇ ಬರುತ್ತಾರೆ. ನಾಯಿಗಳೂ ಬರುತ್ತವೆ ಎಂದು ನಾನು ಬಾಯಿ ಬಿಡುವುದಿಲ್ಲ.

ಛತ್ರದ ಮಾಲೀಕರ ಜೊತೆ ಮಾತುಕತೆ ನಡೆಸಿದ್ದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಅಲ್ಲಿನ ವಾಚ್‌ಮನ್ ಸ್ನೇಹ. ಸೀಟಿ ಊದಿ "ಬಾ, ಬಾ, ಇನ್ನೂ ಬಾ, ಸಾಕು" ಎಂದು ಗಾಡಿಗಳನ್ನು ಮರದ ಬುಡಕ್ಕೆ ಹತ್ತಿಸುತ್ತಿದ್ದವನೇ ಅವನು. ರಸ್ತೆ ಬಂದ್ ಆಗದ ಹಾಗೆ ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು, ತಪ್ಪೇನಿಲ್ಲ. ಹಿಂದಿನ ಬೀದಿಯ ಖಾಲಿ ಸೈಟಿನವರನ್ನು ಒಪ್ಪಿಸಿ ಮುಹೂರ್ತದ ದಿನ ಅಲ್ಲಿಗೆ ಗಾಡಿ ಕಳಿಸುವ ವ್ಯವಸ್ಥೆಯಾದ ಮೇಲೆ ಅವನೇ ನಮ್ಮ ಕಾವಲುಗಾರನಾದ. ಇಷ್ಟು ಮಾಡದೆ ಬರೀ ಕಲ್ಲು ನಿಲ್ಲಿಸಿದ್ದರೆ ಕಾರುಗಳೆಲ್ಲ ಎದುರು ಸಾಲಿನವರ ಗೇಟಿನ ಮುಂದೆ ಹೋಗಿ ನಿಲ್ಲುತ್ತಿದ್ದವು.

ಕೊನೆಯ ತಕರಾರು ನಮ್ಮ ಬೀದಿಯ ಒಳಗಿನದೇ. ಎರಡು ಕಾರು, ಒಂದೇ ಗ್ಯಾರೇಜು ಇರುವ ಮನೆಯವರು ತಮ್ಮ ಮುಂದೆ ಕಲ್ಲು ಬೇಡವೆಂದರು. ಹುಲ್ಲು ಬೆಳೆಯಲು ತೂತು ಬಿಟ್ಟಿರುವ ನೆಲಹಾಸು ಇಟ್ಟಿಗೆ, ಗ್ರಾಸ್ ಪೇವರ್, ಹಾಕೋಣ ಎಂಬ ಸಲಹೆಯೂ ಬಂತು. ಬಂದು ಹೋಗುವ ಗಾಡಿಗೆ ಅದು ಸರಿ, ದಿನವಿಡೀ ಕಾರು ನಿಂತರೆ ಕೆಳಗೆ ಬೆಳಕೇ ಬೀಳದೆ ತೂತಿನ ಹುಲ್ಲೂ ಒಣಗುತ್ತದೆ. ಎರಡು ಮರಗಳ ನಡುವಿನ ಖಾಲಿ ಜಾಗ ಅವರಿಗೆ ಬಿಟ್ಟು, ಜಲ್ಲಿ ಹಾಸಿ, ಸುತ್ತ ಮೂರು ಕಡೆ ಕಲ್ಲು ನಿಲ್ಲಿಸಿದ್ದೇವೆ. ಎರಡನೆಯ ಕಾರು ಈಗ ಅಲ್ಲೇ ನಿಲ್ಲುತ್ತದೆ. ಡೆಲಿವರಿ ಹುಡುಗರ ಸ್ಕೂಟರುಗಳು ನಾಲ್ಕಡಿ ಸಂದಿನಲ್ಲಿ ನುಸುಳುವುದಕ್ಕೆ ಮಾತ್ರ ನನ್ನ ಹತ್ತಿರ ಇನ್ನೂ ಉಪಾಯವಿಲ್ಲ. ಸಂದು ಕಿರಿದು ಮಾಡಿದರೆ ಗಾಲಿಕುರ್ಚಿ ಹೋಗದು. ಯಾರಾದರೂ ಬೇರೆ ದಾರಿ ಕಂಡುಕೊಂಡಿದ್ದರೆ ತಿಳಿಸಿ.