ಕಣ್ಣು ಮುಚ್ಚಿ ಕಡ್ಡಿ ಗೀರ್ರಿ: ಡಿಎಸ್‌ನಾಗ ‘ರಿದಮ್ ಹೆವನ್’ ಆಡೋದು ಹೆಂಗ

ಗೇಮ್ ಅಂದ್ರ ಗುಂಡು ಹಾರಿಸೋದು, ಕಾರ್ ಓಡಿಸೋದು ಅಷ್ಟ ಅಂತ ತಿಳ್ಕೊಂಡೋರಿಗೆ ಇದು ಸ್ವಲ್ಪ ತಿಕ್ಕಲು ಆಟ ಅನ್ನಿಸ್ತೈತಿ. ಮೂರು ಹುಡುಗ್ರು ಸಾಲಾಗಿ ನಿಂತು ಹಾಡ್ತಿರ್ತಾವ, ಮೂರನೇಯವ ನೀವು, ಅವನ ಬಾಯಿ ಮುಚ್ಚಿಸೋದ ನಿಮ್ಮ ಕೆಲಸ. ಇನ್ನೊಂದ್ರಾಗ ಒಬ್ಬ ಸನ್ಯಾಸಿ ತಾಳಕ್ಕ ಸರಿಯಾಗಿ ಉಂಡೆ ನುಂಗಬೇಕು. ಮತ್ತೊಂದ್ರಾಗ ಈಸ್ಟರ್ ದ್ವೀಪದ ಕಲ್ಲಿನ ಮೂರ್ತಿಗಳು ರಾಗ ಎಳೀತಾವ. ಇದಕ್ಕೆಲ್ಲ ಕಥಿ ಏನಿಲ್ಲ, ಕೇಳಬ್ಯಾಡ್ರಿ.

ಆಟದ ಹೆಸರು ‘ರಿದಮ್ ಹೆವನ್’, ನಿಂಟೆಂಡೊ ಡಿಎಸ್ ಅನ್ನೋ ಎರಡು ಸ್ಕ್ರೀನಿನ, ಮಡಚೋ ಕೈಗೇಮಿಗೆ ಮಾಡಿದ್ದು. ಜಪಾನಿನಾಗ 2008ಕ್ಕ ಬಂತು, ಅಮೆರಿಕ ಯುರೋಪಿಗೆ 2009ಕ್ಕ. ಯುರೋಪಿನ ಡಬ್ಬಿ ಮ್ಯಾಲ ‘ರಿದಮ್ ಪ್ಯಾರಡೈಸ್’ ಅಂತ ಇರ್ತೈತಿ, ಒಳಗ ಅದ ಆಟ, ಬ್ಯಾರೆ ಅಂತ ಬಿಟ್ಟು ಬರಬ್ಯಾಡ್ರಿ. ಸಂಗೀತದ ಹಿಂದ ತ್ಸುಂಕು ಅನ್ನೋ ಜಪಾನಿನ ಪಾಪ್ ಪ್ರೊಡ್ಯೂಸರ್ ಅದಾನ, ಅದಕ್ಕ ಒಂದೊಂದು ಹಾಡೂ ಎರಡು ದಿನ ತಲಿಯಾಗಿಂದ ಹೋಗಂಗಿಲ್ಲ.

ಮೊದಲು ಸಾಮಾನು. ಕೊಪ್ಪಳದಾಗ ಜವಾಹರ ರೋಡಿನ ತುಂಬ ತಿರುಗಿದ್ರೂ ಡಿಎಸ್ ಸಿಗೋದು ಕಷ್ಟ, ಆನ್‌ಲೈನಿನಾಗ ಸೆಕೆಂಡ್ ಹ್ಯಾಂಡ್ ತಗೋಬೇಕು ಇಲ್ಲಂದ್ರ ಹೊರದೇಶದಾಗಿರೋ ಕಾಕಾನೋ ಅತ್ತೀನೋ ಹಳೇದೊಂದು ಇಟ್ಕೊಂಡಾರೇನು ಅಂತ ವಿಚಾರಿಸಬೇಕು. ಡಿಎಸ್ ಲೈಟ್ ಆದ್ರೂ ಆಗ್ತೈತಿ, ಡಿಎಸ್‌ಐ ಆದ್ರೂ ಸರಿ, 3ಡಿಎಸ್‌ನಾಗೂ ಇದೇ ಚಿಪ್ಪು, ಅಂದ್ರ ಆಟ ಇರೋ ಸಣ್ಣ ಕಾರ್ಡು, ಓಡ್ತೈತಿ. 2ಡಿಎಸ್ ಅಂತ ಒಂದು ಹಲಗಿ ಆಕಾರದ್ದು ಬರ್ತೈತಿ, ಅದು ಮಡಚಂಗಿಲ್ಲ, ಈ ಆಟಕ್ಕ ಹಿಡಿಯಾಕ ಕೈ ಸೋಲ್ತೈತಿ, ಬ್ಯಾಡ. ಚಿಪ್ಪು ಯಾವ ದೇಶದ್ದಾದ್ರೂ ಚಿಂತಿಲ್ಲ, ಡಿಎಸ್ ಆಟಕ್ಕ ಇಂಥ ದೇಶದ ಡಿಎಸ್‌ನಾಗ ಅಷ್ಟ ಓಡಬೇಕು ಅನ್ನೋ ಬೀಗ ಇಲ್ಲ. ಆದ್ರ ಚಾರ್ಜರ್ ನೋಡ್ಕೊಳ್ರಿ! ಅಮೆರಿಕದಿಂದ ಬಂದದ್ದರ ಮ್ಯಾಲ ಇನ್‌ಪುಟ್ 120 ವೋಲ್ಟ್ ಅಂತ ಅಷ್ಟ ಬರೆದಿದ್ರ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಅಡಾಪ್ಟರ್ ಪಿನ್ ಸಿಕ್ಕಿಸಿ ಹಾಕಿದ್ರ ಸುಟ್ಟು ಹೋಗ್ತೈತಿ. ಯುಎಸ್‌ಬಿ ಕೇಬಲ್ ಬರ್ತೈತಿ, ಅದನ್ನ ತರಸ್ರಿ.

ಫೋನಿನಾಗ ಎಮ್ಯುಲೇಟರ್, ಅಂದ್ರ ಡಿಎಸ್‌ನಂಗ ನಟಿಸೋ ಆ್ಯಪ್, ಹಾಕಿ ಆಡಿದ್ರ ಆಗಂಗಿಲ್ಲೇನು ಅಂತ ಎಲ್ಲಾರೂ ಕೇಳ್ತಾರ. ಕದ್ದ ಫೈಲಿನ ಮಾತು ಒತ್ತಟ್ಟಿಗಿರ್ಲಿ, ಫೋನಿನಾಗ ಸದ್ದು ಒಂಚೂರು ತಡಾಗಿ ಬರ್ತೈತಿ, ಅದರ ಮ್ಯಾಲ ಬ್ಲೂಟೂತ್ ಇಯರ್‌ಬಡ್ ಬ್ಯಾರೆ ಹಾಕ್ಕೊಂಡ್ರ ಕೇಳೋದೇ ಬೇಡ. ಬ್ಯಾರೆ ಆಟದಾಗ ಅದು ಗೊತ್ತಾಗಂಗಿಲ್ಲ, ಇಲ್ಲಿ ಅದ ಜೀವ ತಿಂತೈತಿ. ಡಿಎಸ್‌ಗೆ ಹಳೇ ವೈರಿನ ಇಯರ್‌ಫೋನ್ ಸಿಕ್ಕಿಸ್ರಿ.

ಈಗ ಹಿಡಿಯೋದು. ಡಿಎಸ್ ಅಡ್ಡ ಹಿಡಿಯಂಗಿಲ್ಲ, ಪುಸ್ತಕ ತೆಗೆದಂಗ ಉದ್ದ ತಿರುಗಿಸಿ ಹಿಡೀಬೇಕು. ಬಲಗೈಯವರಿಗೆ ಟಚ್ ಸ್ಕ್ರೀನ್ ಬಲಕ್ಕ ಬರ್ತೈತಿ, ಎಡಗೈಯಿಂದ ಕೆಳಗ ಆಧಾರ ಕೊಟ್ಟು ಬಲಗೈಯಾಗ ಕಡ್ಡಿ, ಅಂದ್ರ ಡಿಎಸ್ ಜೋಡಿ ಬರೋ ಸ್ಟೈಲಸ್. ಎಡಗೈಯವರಿಗೂ ವ್ಯವಸ್ಥಾ ಐತಿ, ಸೆಟ್ಟಿಂಗ್ ಬದಲಿಸಿ ತಿರುಗಿಸಿಕೊಂಡ್ರ ಆತು. ಬಟನ್‌ ಕೆಲಸ ಇಲ್ಲಿ ಬಾಳ ಕಡಿಮಿ, ಹೆಚ್ಚುಕಡಿಮಿ ಪೂರ್ತಿ ಆಟ ಕಡ್ಡಿ ಮ್ಯಾಲ ಐತಿ: ಮುಟ್ಟೋದು, ಒತ್ತಿ ಹಿಡಿಯೋದು, ಬಿಡೋದು, ಮತ್ತ ಫ್ಲಿಕ್. ಮೊದಲಿನ ಮೂರು ಯಾರಿಗಾದ್ರೂ ಬರ್ತೈತಿ. ಫ್ಲಿಕ್‌ನಾಗ ಎಲ್ಲಾರೂ ಬೀಳೋದು.

ಫ್ಲಿಕ್ ಅಂದ್ರ ಬೆಂಕಿಕಡ್ಡಿ ಗೀರಿದಂಗ. ಕಡ್ಡಿ ಸ್ಕ್ರೀನಿಗೆ ಹಚ್ಚಿ, ಚಿಕ್ಕದಾಗಿ, ಜೋರಾಗಿ ಎಳೆದು, ಆ ಎಳೆತದಾಗನ ಮ್ಯಾಲ ಎತ್ತಬೇಕು. ಎಳೆದು ನಿಂತು ಆಮೇಲೆ ಎತ್ತಿದ್ರ ಗೇಮಿಗೆ ಅದು ಫ್ಲಿಕ್ ಅಲ್ಲ. ಸ್ಕ್ರೀನಿನ ಈ ತುದಿಯಿಂದ ಆ ತುದಿತನಾ ಗೆರೆ ಎಳೆದ್ರೂ ಅಲ್ಲ, ತಡಾ ಆಗ್ತೈತಿ. ಡಿಎಸ್ ಸ್ಕ್ರೀನ್ ನಮ್ಮ ಫೋನಿನಂಗ ಬೆರಳಿನ ಕರೆಂಟ್ ಹಿಡಿಯೋದಲ್ಲ, ಒತ್ತಡದ್ದು, ಮ್ಯಾಲಿನ ತೆಳು ಪದರ ಬಗ್ಗಿ ಕೆಳಗಿನದಕ್ಕ ತಗಲಿದ್ರ ಅಷ್ಟ ಅದಕ್ಕ ಗೊತ್ತಾಗೋದು, ಹಾಂಗಾಗಿ ಗೀರುವಾಗ ಕೈ ಹಗುರಾದ್ರ ನಡುವನ ಕಟ್ ಆಗ್ತೈತಿ, ಸಿಟ್ಟಿನಿಂದ ಒತ್ತಿದ್ರ ಸ್ಕ್ರೀನಿಗೆ ಗೀರು ಬೀಳ್ತೈತಿ. ಬ್ಯಾಸಗಿಯಾಗ ಧೂಳು ಕುಂತಿರ್ತೈತಿ, ಆಡೋಕ್ಕಿಂತ ಮೊದಲು ಮೆತ್ತಗಿನ ಬಟ್ಟಿಯಿಂದ ಒರಸ್ರಿ. ಆಟ ಚಾಲೂ ಮಾಡಿದ ಕೂಡ್ಲೇ ಫ್ಲಿಕ್ ಪಾಠ ಬರ್ತೈತಿ, ಅದನ್ನ ಬ್ಯಾಸರ ಅಂತ ಓಡಿಸಬ್ಯಾಡ್ರಿ, ಹತ್ತಕ್ಕ ಹತ್ತು ಹಿಡಿಯೋತನಾ ಅಲ್ಲೇ ಕುಂದ್ರಿ.

ಇನ್ನ ನಾನು ಮುಖ್ಯ ಹೇಳಬೇಕು ಅನ್ಕೊಂಡಿದ್ದು. ನೋಡಿ ಆಡಬ್ಯಾಡ್ರಿ, ಕೇಳಿ ಆಡ್ರಿ.

ಲೆಕ್ಕ ಹೇಳ್ತೀನಿ. ಕಣ್ಣಿಗೆ ಏನಾರ ಕಂಡು ಕೈ ಅಲುಗಾಡಾಕ ಸುಮಾರು 0.2 ಸೆಕೆಂಡ್ ಹಿಡೀತೈತಿ. ನಿಮಿಷಕ್ಕ 120 ಬಡಿತದ ಹಾಡಿನಾಗ ಒಂದು ಬಡಿತಕ್ಕೂ ಇನ್ನೊಂದಕ್ಕೂ ಇರೋ ಜಾಗ ಅರ್ಧ ಸೆಕೆಂಡ್. ಅಂದ್ರ ಚೆಂಡು ಬಂತು ಅಂತ ಕಣ್ಣು ಹೇಳಿ ಕೈ ಹೊಡಿಯೋದ್ರಾಗ ತಾಳ ಮುಂದ ಹೋಗಿರ್ತೈತಿ. ಬರೋದು ಮೊದಲ ಗೊತ್ತಿರಬೇಕು, ಅದು ಗೊತ್ತಾಗೋದು ಕಿವಿಯಿಂದ. ಈ ಗೇಮ್ ಮಾಡಿದೋರು ಅದನ್ನ ಬೇಕಂತ ಇಟ್ಟಾರ, ನಿಮ್ಮ ಕಣ್ಣಿಗೆ ಮಂಕುಬೂದಿ ಎರಚೋದು ಅವರಿಗೆ ಬಾಳ ಇಷ್ಟ. ಉದಾಹರಣೆಗೆ ‘ಲಾಕ್‌ಸ್ಟೆಪ್’ ಅಂತ ಒಂದು ಐತಿ, ಸಾಲು ಸಾಲು ಗೊಂಬಿಗಳು ಹೆಜ್ಜಿ ಹಾಕ್ತಿರ್ತಾವ, ನೀವೂ ಅವುಗಳ ಜೋಡಿ. ಕ್ಯಾಮೆರಾ ಹಿಂದಕ್ಕ ಹೋಗ್ತಾ ಹೋಗ್ತಾ ಗೊಂಬಿಗಳು ಇರುವಿಯಷ್ಟಾಗಿ ಒಟ್ಟು ಸೇರಿ ಚಿತ್ರ ಆಗ್ತಾವ, ನಿಮ್ಮ ಗೊಂಬಿ ಎಲ್ಲೈತಿ ಅಂತ ಹುಡುಕಾಕ ಹೋದ್ರಿ ಅಂದ್ರ ಕಥಿ ಮುಗೀತು.

ಅದ ಆಟದಾಗ ಇನ್ನೊಂದು ಪೇಚು, ನಡುವೆ ಒಂದು ಕೂಗು ಬರ್ತೈತಿ, ಆಗ ಹೆಜ್ಜಿ ಬಡಿತದ ಮ್ಯಾಲಿಂದ ಎರಡು ಬಡಿತದ ನಡುವಿನ ಖಾಲಿ ಜಾಗಕ್ಕ ಸರೀಬೇಕು, ಮತ್ತೊಂದು ಕೂಗಿಗೆ ವಾಪಸ್ ಬರಬೇಕು. ಇದಕ್ಕ ಡಿಎಸ್ ಮುಚ್ಚಿಟ್ಟು ಪ್ರಾಕ್ಟೀಸ್ ಮಾಡ್ರಿ. ನಮ್ಮ ಕಡೆ ಮೊಹರಂಗೆ ಅಲಾಯಿ ಕುಣಿಯೋದು ಗೊತ್ತಲ್ಲ, ಮುದಗಲ್ಲಿನದೋ ನಿಮ್ಮೂರಿನದೋ ಹಲಿಗಿ ವಿಡಿಯೋ ಫೋನಿನಾಗ ಹಚ್ರಿ. ಮೊದಲು ಪೆಟ್ಟು ಬಿದ್ದಾಗೊಮ್ಮೆ ಕಾಲು ಬಡೀರಿ. ಕಾಲು ತಾನ ಹೊಂಟಿತು ಅಂದ ಮ್ಯಾಲ, ಕಾಲು ನಿಲ್ಲಿಸಲಾರದ, ಎರಡು ಪೆಟ್ಟಿನ ನಡುವೆ ಚಪ್ಪಾಳಿ ಹಾಕ್ರಿ. ಮೊದಮೊದಲು ಕೈ ಕಾಲಿನ ಜೋಡಿ ಓಡಿ ಹೋಗ್ತೈತಿ, ಆಮೇಲೆ ಬ್ಯಾರೆ ಆಗ್ತೈತಿ. ಆಗ ಬಂದು ಲಾಕ್‌ಸ್ಟೆಪ್ ಆಡ್ರಿ, ಕೂತಲ್ಲೇ ಕಾಲು ಬಡೀತಾ. ಮನ್ಯಾಗಿನೋರು ಏನಾತು ಇವನಿಗೆ ಅಂದ್ರ ಅನ್ನಲಿ.

ಶುರುವಿನ ಆಟದಾಗ ಒಂದೆರಡು ಹೇಳಿಬಿಡ್ತೀನಿ. ಹಾಡೋ ಹುಡುಗ್ರ ‘ಗ್ಲೀ ಕ್ಲಬ್’ ಉಲ್ಟಾ ಐತಿ: ಕಡ್ಡಿ ಸ್ಕ್ರೀನಿಗೆ ತಗಲಿದ್ರ ಬಾಯಿ ಬಂದ್, ಎತ್ತಿದ್ರ ಹಾಡು. ಬಾಳ ಮಂದಿ ಕಡ್ಡಿ ಗಾಳಿಯಾಗ ಹಿಡ್ಕೊಂಡು ಕಾಯ್ತಾರ, ಹುಡುಗ ಒಬ್ಬನ ಕಿರಚ್ತಿರ್ತಾನ, ಉಳಿದಿಬ್ರು ಸಿಟ್ಟಿಲೆ ನೋಡ್ತಾರ. ಹಾಂಗಾಗಿ ಆಟ ಚಾಲೂ ಆಗೋಕ್ಕಿಂತ ಮೊದಲ ಒತ್ತಿ ಹಿಡ್ಕೊಂಡಿರ್ರಿ. ‘ಫಿಲ್‌ಬಾಟ್ಸ್’ನಾಗ ರೋಬೋಟಿಗೆ ಎಣ್ಣಿ ತುಂಬೋದು, ಒತ್ತೋ ಹೊತ್ತಿನಷ್ಟ ಬಿಡೋ ಹೊತ್ತೂ ತಾಳಕ್ಕ ಬೀಳಬೇಕು. ‘ರಿದಮ್ ರ್‍ಯಾಲಿ’ ಟೇಬಲ್ ಟೆನಿಸ್, ಪೂರಾ ಫ್ಲಿಕ್, ಕೈ ಕುದುರಾಕ ಇದಕ್ಕಿಂತ ಚಲೋದು ಇಲ್ಲ. ‘ಕ್ರಾಪ್ ಸ್ಟಾಂಪ್’ ರೈತಂದು, ಹೊಲದಾಗ ಹೆಜ್ಜಿ ಹಾಕ್ತಾ ಹೋದಂಗ ಕಾಯಿಪಲ್ಯ ನೆಲದಿಂದ ಮ್ಯಾಲ ಜಿಗೀತೈತಿ, ಅದನ್ನ ಫ್ಲಿಕ್ ಮಾಡಿ ಚೀಲಕ್ಕ ಎಸೀಬೇಕು. ನನಗ ಎಲ್ಲಾದ್ರಾಗ ಇದ ಪ್ರೀತಿ.

ನಾಲ್ಕು ಆಟ ಮುಗದ್ರ ಐದನೇದು ರೀಮಿಕ್ಸ್, ಹಿಂದಿನ ಆಟ ಕಲಸಿ ಒಂದ ಹಾಡಿನಾಗ ಬರ್ತಾವ. ಅಲ್ಲಿ ಚಿತ್ರ ಪಟ್ ಅಂತ ಬದಲಾದಾಗ ‘ಈಗ ಏನು ಮಾಡೋದಿತ್ತು’ ಅಂತ ವಿಚಾರಕ್ಕ ಕುಂತ್ರ ಎರಡು ಬಡಿತ ಹೋದ್ವು, ಅದಕ್ಕ ನಾಲ್ಕೂ ಆಟ ಒಂದ್ಸಲ ಮತ್ತ ಆಡಿ ಹೋಗ್ರಿ. ಒಟ್ಟು ಇಂಥ ಹತ್ತು ಸೆಟ್ ಅದಾವ.

ಮಾರ್ಕ್ಸ್ ಹೆಂಗ ಅಂದ್ರ, ಅಂಕಿ ತೋರಿಸಂಗಿಲ್ಲ. ಕೊನೀಗೆ ಒಂದೆರಡು ಮಾತು ಹೇಳಿ ‘ಟ್ರೈ ಅಗೇನ್’, ‘ಓಕೆ’, ‘ಸುಪರ್ಬ್’ ಅಂತ ಒಂದು ಕೊಡ್ತೈತಿ. ಆ ಮಾತು ಓದ್ರಿ, ಎಲ್ಲಿ ಎಡವಿದ್ರಿ ಅಂತ ಅದ್ರಾಗ ಇರ್ತೈತಿ. ಆಡುವಾಗನ ಗೊತ್ತಾಗಬೇಕಂದ್ರ ಸದ್ದು ಕೇಳ್ರಿ, ಸರಿಯಾಗಿ ಬಿದ್ದಾಗ ಬರೋ ಸದ್ದ ಬ್ಯಾರೆ, ಸ್ವಲ್ಪ ಹಿಂದಮುಂದ ಆದಾಗ ಬರೋದ ಬ್ಯಾರೆ. ಸುಪರ್ಬ್‌ಗೆ ಒಂದು ಮೆಡಲ್, ಮೆಡಲ್ ಕೂಡಿದಂಗ ಮುಗಿಯಲಾರದ ಆಟ, ಆಟಿಗಿ ಸಾಮಾನು, ಗಿಟಾರ್ ಪಾಠ ಎಲ್ಲ ತೆರೀತಾವ. ಒಂದ ಕಡೆ ಮೂರು ಸಲ ಫೇಲ್ ಆದ್ರ ಕೆಫೆಗೆ ಹೋಗ್ರಿ, ಅಲ್ಲಿರೋ ನಾಯಿ ಅದನ್ನ ಬಿಟ್ಟು ಮುಂದ ಹೋಗು ಅಂತ ದಾರಿ ಕೊಡ್ತೈತಿ. ನಾಚಿಕಿ ಏನಿಲ್ಲ. ಮುಂದಿನದು ಆಡಿ ಬಂದ್ರ ಹಿಂದಿನದು ಸುಲಭ ಆಗಿರ್ತೈತಿ, ಯಾಕಂದ್ರ ಕೈಗಿಂತ ಕಿವಿ ಪಳಗಿರ್ತೈತಿ.

ಸುಪರ್ಬ್ ಕೂಡ್ಕೊಂಡ ಮ್ಯಾಲ ಆಗಾಗ ಯಾವುದಾರ ಒಂದು ಆಟಕ್ಕ ‘ಪರ್ಫೆಕ್ಟ್’ ಸವಾಲು ಬರ್ತೈತಿ, ಮೂರ ಚಾನ್ಸು, ಒಂದೂ ತಪ್ಪಬಾರದು. ಮೂರೂ ಹೋದ್ರ ಅದು ಮಾಯ, ಮತ್ತೊಮ್ಮೆ ಬರೋತನಾ ಕಾಯಬೇಕು. ಅದನ್ನ ಮುಟ್ಟೋಕ್ಕಿಂತ ಮೊದಲು ಅಡಗಿಮನ್ಯಾಗ ಮಿಕ್ಸರ್ ತಿರುಗೋದು ಮುಗೀಲಿ, ಇಯರ್‌ಫೋನ್ ಗಟ್ಟಿ ಸಿಕ್ಕಿಸ್ರಿ, ಪವರ್ ದೀಪ ಕೆಂಪೈತೇನು ನೋಡ್ರಿ. ಕೆಂಪಿದ್ರ ಬ್ಯಾಟರಿ ಮುಗಿಯಾಕ ಬಂದೈತಿ ಅಂತ ಅರ್ಥ, ಕರೆಂಟ್ ಇರುವಾಗನ ಚಾರ್ಜಿಗೆ ಹಾಕ್ಬಿಡ್ರಿ, ಸಂಜಿಗೆ ಇರ್ತೈತೋ ಇಲ್ಲೋ.